ಆ ರಾತ್ರಿ ಯಾವ ವರ್ಷದ್ದು? ಏರ್ ಸಪ್ಲೈ ಅಭಿಮಾನಿಗಳ ನೆನಪು ಕಲೆಹಾಕಿದ ನನ್ನ ಅನುಭವ

ಪ್ರೇಮಗೀತೆಗಳಿಗೆ ಹೆಸರಾದ ಆಸ್ಟ್ರೇಲಿಯಾದ ಪಾಪ್ ತಂಡ ಏರ್ ಸಪ್ಲೈಯನ್ನು ಕಣ್ಣಾರೆ ಕಂಡು ಕೇಳಿದವರನ್ನು ‘ಹೇಗಿತ್ತು?’ ಎಂದು ಕೇಳಬಾರದು. ಕೇಳಿದರೆ ‘ಅದ್ಭುತವಾಗಿತ್ತು’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಮೆಲ್ಬರ್ನಿನಲ್ಲಿ ನಾನಿರುವ ಬಡಾವಣೆಯ ಗ್ರಂಥಾಲಯದಲ್ಲಿ ಹಳೆಯ ಸಂಗೀತ ಕಾರ್ಯಕ್ರಮಗಳ ನೆನಪುಗಳನ್ನು ಧ್ವನಿಮುದ್ರಿಸಿಡುವ ಒಂದು ಸಣ್ಣ ಗುಂಪಿದೆ. ಅದರಲ್ಲಿ ಈ ತಂಡದ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಇವರ ಕ್ಯಾಸೆಟ್ಟನ್ನು ಟೇಪು ಸವೆಯುವಷ್ಟು ಕೇಳಿದವನು ಆ ಗುಂಪಿನಲ್ಲಿ ನಾನೊಬ್ಬನೇ. ಉಳಿದವರಿಗೆ ಅದೊಂದು ತಮಾಷೆ. ತಂಡದ ಗಾಯಕ ರಸೆಲ್ ಹಿಚ್‌ಕಾಕ್ ಹುಟ್ಟಿದ್ದು ಇದೇ ಮೆಲ್ಬರ್ನಿನಲ್ಲಿ. ಆದರೂ ಅವರ ಹಾಡುಗಳನ್ನು ಮುಚ್ಚುಮರೆಯಿಲ್ಲದೆ ಮೆಚ್ಚುವವರು ನನಗೆ ಸಿಕ್ಕಿದ್ದು ಹೆಚ್ಚಾಗಿ ಹೊರಗಿನಿಂದ ಬಂದವರಲ್ಲೇ. ಇಲ್ಲಿಯವರು ಮೊದಲು ಒಮ್ಮೆ ನಕ್ಕು, ಆಮೇಲೆ ಒಪ್ಪಿಕೊಳ್ಳುತ್ತಾರೆ.

ಹಾಗಾಗಿ ನಾನು ಸಂಗೀತದ ಸುದ್ದಿಯನ್ನೇ ಎತ್ತುವುದಿಲ್ಲ. ಯಾರ ಜೊತೆ ಹೋಗಿದ್ದಿರಿ? ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು? ಅಂದು ಏನು ಉಟ್ಟಿದ್ದಿರಿ? ಮುಗಿದ ಮೇಲೆ ಮನೆಗೆ ಹೇಗೆ ಬಂದಿರಿ? ಸಿಂಗಪುರದಲ್ಲಿ ಕೆಲಸದಲ್ಲಿದ್ದಾಗ ಇವರನ್ನು ಕೇಳಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ಅರ್ಧ ಗಂಟೆ ತಾಳಿಕೊಂಡು, ಕೊನೆಗೆ ‘ಎಂಥದು ಮಾರಾಯರೇ, ಬಸ್ಸಿನದ್ದೇ ಕೇಳುತ್ತಿದ್ದೀರಲ್ಲ, ಹಾಡಿನದ್ದು ಯಾವಾಗ?’ ಎಂದರು. ಆದರೆ ಬಸ್ಸಿನ ಪ್ರಶ್ನೆಯಿಂದಲೇ ಅವರಿಗೆ ಕೊನೆಯ ಬಸ್ಸಿಗೆ ಓಡಿದ್ದು ನೆನಪಾಯಿತು. ಓಡಿದ್ದು ಏಕೆ? ಕೊನೆಯ ಹಾಡು ಬಿಟ್ಟು ಏಳಲು ಹೆಂಡತಿ ಒಪ್ಪಲಿಲ್ಲ. ಆ ಹಾಡು ‘ಆಲ್ ಔಟ್ ಆಫ್ ಲವ್’. ಹಿಚ್‌ಕಾಕ್ ಕೊನೆಯ ಸ್ವರವನ್ನು ಹಿಡಿದಾಗ ಆಕೆ ಗಂಡನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ, ಮರುದಿನ ಕಚೇರಿಯಲ್ಲಿ ಅಂಗಿಯ ತೋಳು ಮಡಚಿದಾಗ ಬೆರಳಿನ ಗುರುತು ಕಾಣುತ್ತಿತ್ತಂತೆ. ‘ಹೇಗಿತ್ತು’ ಎಂದು ಕೇಳಿದ್ದರೆ ಇದು ಹೊರಬರುತ್ತಿರಲಿಲ್ಲ.

ಆ ಸ್ವರದ ಬಗ್ಗೆ ಒಂದು ಮಾತು. ಅದನ್ನು ವೇದಿಕೆಯಲ್ಲಿ ಅರ್ಧ ನಿಮಿಷ ಹಿಡಿದರು ಎನ್ನುವವರಿದ್ದಾರೆ, ಒಂದು ನಿಮಿಷ ಎಂದು ಆಣೆ ಹಾಕುವವರೂ ಇದ್ದಾರೆ. ಧ್ವನಿಮುದ್ರಿಕೆಯಲ್ಲಿ ಅಳೆದರೆ ಹದಿನೈದು ಸೆಕೆಂಡಿನ ಆಸುಪಾಸು. ನಾನು ತಿದ್ದಲು ಹೋಗುವುದಿಲ್ಲ. ಉಸಿರು ಬಿಗಿಹಿಡಿದು ಕೂತವನಿಗೆ ಹದಿನೈದು ಸೆಕೆಂಡೂ ದೊಡ್ಡದೇ.

ಇನ್ನೊಂದು ಕಟ್ಟುನಿಟ್ಟು: ಮಾತು ಮುಗಿಯುವವರೆಗೆ ಹಾಡು ಹಾಕುವುದಿಲ್ಲ. ಹಾಡು ಹಾಕಿದೊಡನೆ ಜನ ಆ ರಾತ್ರಿಯನ್ನು ಬಿಟ್ಟು, ನೂರಾರು ಸಲ ಕೇಳಿದ ಧ್ವನಿಮುದ್ರಿಕೆಯನ್ನು ವಿವರಿಸತೊಡಗುತ್ತಾರೆ. ಪಿಟೀಲುಗಳ ಗುಂಪು ಬಂತು, ಹಿನ್ನೆಲೆಯಲ್ಲಿ ವೃಂದ ಹಾಡಿತು ಎನ್ನುತ್ತಾರೆ. ವೇದಿಕೆಯ ಮೇಲೆ ಪಿಟೀಲಿನವರು ಎಲ್ಲಿ ಕೂತಿದ್ದರು ಎಂದು ಕೇಳಿದರೆ ತಡವರಿಸುತ್ತಾರೆ. ಹಾಡು ಆಮೇಲೆ ಇದ್ದೇ ಇದೆ, ಕಾಫಿಯ ಜೊತೆ. ಮೊಬೈಲನ್ನು ಮಡಚಿದ ಟವೆಲಿನ ಮೇಲಿಟ್ಟು ಮುದ್ರಿಸುತ್ತೇನೆ. ಇಲ್ಲದಿದ್ದರೆ ಅಭಿಮಾನಿಗಳು ಮೇಜಿನ ಮೇಲೆ ಹಾಕುವ ತಾಳವೇ ಮಾತಿಗಿಂತ ಜೋರಾಗಿ ಕೇಳಿಸುತ್ತದೆ.

ಈ ಕೆಲಸದಲ್ಲಿ ನನಗೆ ಬಹಳ ರುಚಿಸಿದ್ದು ವರ್ಷ ಪತ್ತೆಹಚ್ಚುವುದು. ಒಂದೇ ತಂಡವನ್ನು ಹಲವು ಸಲ ನೋಡಿದವರಲ್ಲಿ ಬೇರೆ ಬೇರೆ ರಾತ್ರಿಗಳು ಬೆರೆತು ಒಂದಾಗಿರುತ್ತವೆ. ತಾರೀಖು ಕೇಳಿ ಪ್ರಯೋಜನವಿಲ್ಲ, ಹಾಡುಗಳನ್ನೇ ಸಾಕ್ಷಿಗೆ ಕರೆಯಬೇಕು. ‘ಲಾಸ್ಟ್ ಇನ್ ಲವ್’ ಅಮೆರಿಕದಲ್ಲಿ ಹೆಸರು ಮಾಡಿದ್ದು 1980ರಲ್ಲಿ. ‘ದಿ ಒನ್ ದಟ್ ಯೂ ಲವ್’ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು 1981ರಲ್ಲಿ. ‘ಮೇಕಿಂಗ್ ಲವ್ ಔಟ್ ಆಫ್ ನಥಿಂಗ್ ಅಟ್ ಆಲ್’ ಹೊರಬಂದದ್ದು 1983ರಲ್ಲಿ. 1981ರ ಕಾರ್ಯಕ್ರಮದಲ್ಲಿ ಈ ಕೊನೆಯದನ್ನು ಕೇಳಿದೆ ಎಂದು ಯಾರಾದರೂ ಹೇಳಿದರೆ, ಎರಡು ರಾತ್ರಿಗಳು ಅಂಟಿಕೊಂಡಿವೆ ಎಂದು ತಿಳಿಯುತ್ತದೆ. ಅವನ್ನು ಮೆಲ್ಲಗೆ ಬಿಡಿಸಬೇಕು. ಎಂಬತ್ತರ ದಶಕದ ಕೊನೆಯಲ್ಲಿ ತಂಡ ಒಡೆದು 1991ರಲ್ಲಿ ಮತ್ತೆ ಕೂಡಿದ್ದೂ ಒಂದು ಒಳ್ಳೆಯ ಗಡಿಗಲ್ಲು.

ನಿವೃತ್ತ ದಾದಿಯೊಬ್ಬರು ಯೌವನದಲ್ಲಿ ಅಮೆರಿಕದಲ್ಲಿದ್ದವರು. ಅವರ ಪರ್ಸಿನ ಒಳಜೇಬಿನಲ್ಲಿ ಟಿಕೆಟ್ಟಿನ ಅರ್ಧ ತುಂಡು ಇತ್ತು. ಬಾಗಿಲಲ್ಲಿ ಹರಿದುಕೊಂಡವನು ಸರಿಯಾಗಿ ವರ್ಷದ ಮೇಲೆಯೇ ಹರಿದಿದ್ದ. ಕಿತ್ತಳೆ ಬಣ್ಣ ಮಾಸಿ ಚರ್ಮದ ಬಣ್ಣಕ್ಕೆ ತಿರುಗಿತ್ತು, ಮಡಿಕೆಯ ಗೆರೆಯಲ್ಲಿ ಕಾಗದ ನಾರು ನಾರಾಗಿತ್ತು. ದೊಡ್ಡಕ್ಷರದ ತಂಡದ ಹೆಸರು ಬಿಟ್ಟರೆ ಉಳಿದಿದ್ದು ಆಗಸ್ಟ್ ತಿಂಗಳ ಒಂದು ತಾರೀಖು ಮತ್ತು ‘ಶನಿವಾರ’ ಎಂಬುದು ಮಾತ್ರ. ವಾರ ಮತ್ತು ತಾರೀಖು ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. 1977, 1983, 1994 ಈ ಮೂರೂ ವರ್ಷಗಳ ಕ್ಯಾಲೆಂಡರು ಒಂದೇ. 1977ರಲ್ಲಿ ತಂಡ ಬ್ರಿಟನ್ನಿನ ರಾಕ್ ಗಾಯಕ ರಾಡ್ ಸ್ಟೀವರ್ಟ್ ಅವರ ಕಾರ್ಯಕ್ರಮಕ್ಕೆ ಮುನ್ನ ಹಾಡುತ್ತಿತ್ತು, ಟಿಕೆಟ್ಟಿನಲ್ಲಿ ಇಷ್ಟು ದೊಡ್ಡದಾಗಿ ಇವರ ಹೆಸರು ಇರುವಂತಿಲ್ಲ. ಉಳಿದದ್ದು ಎರಡು. ಜೊತೆಗೆ ಬಂದವನು ಯಾರು ಎಂದು ಕೇಳಿದೆ. ‘ಆಗಿನ್ನೂ ಅವನನ್ನು ಮದುವೆಯಾಗಿರಲಿಲ್ಲ’ ಎಂದು ನಕ್ಕರು. ಮದುವೆ 1985ರಲ್ಲಿ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು.

ಅವರದೇ ಇನ್ನೊಂದು ಹಟ: ಅಂದು ತಂಡ ‘ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್’ ಕೂಡ ಹಾಡಿತ್ತು ಎಂದು. ಅದು ಬಾನಿ ಟೈಲರ್ ಅವರ ಹಾಡು. ಆದರೆ ಈ ಗೊಂದಲಕ್ಕೆ ಕಾರಣವಿದೆ. ಆ ಹಾಡನ್ನೂ ಏರ್ ಸಪ್ಲೈನ 1983ರ ಹಾಡನ್ನೂ ಬರೆದವರು ಒಬ್ಬರೇ, ಜಿಮ್ ಸ್ಟೈನ್‌ಮನ್. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನ ಈ ಎರಡು ಹಾಡುಗಳದ್ದೇ. ರೇಡಿಯೋ ಹಚ್ಚಿದರೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತಿದ್ದ ಕಾಲ ಅದು. ಅವರ ಮಾತನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಈ ಟಿಪ್ಪಣಿ ಬರೆದಿಟ್ಟಿದ್ದೇನೆ. ನೆನಪು ತಪ್ಪಿದ ಜಾಗದಲ್ಲೇ ಆ ವರ್ಷದ ಗಾಳಿಯಲ್ಲಿ ಏನಿತ್ತು ಎಂಬುದು ಸಿಕ್ಕಿಬಿಟ್ಟಿತು.

ಹಿಚ್‌ಕಾಕ್ ಮತ್ತು ಗಿಟಾರು ನುಡಿಸಿ ಹಾಡು ಬರೆಯುವ ಗ್ರಹಾಂ ರಸೆಲ್, ತಂಡದ ಈ ಇಬ್ಬರೂ ವೇದಿಕೆಯಿಂದಿಳಿದು ಪ್ರೇಕ್ಷಕರ ನಡುವೆ ಹಾಡುತ್ತಾ ನಡೆಯುವುದು ಹಳೆಯ ರೂಢಿ. ಅಭಿಮಾನಿಗಳು ಇದನ್ನು ಹೇಳದೆ ಬಿಡುವುದಿಲ್ಲ, ಎಲ್ಲರ ಕೈಯನ್ನೂ ಮುಟ್ಟಿರುತ್ತಾರೆ, ಹಿಂದಿನ ಸಾಲಿನವರದ್ದು ಸಹ. ಅದನ್ನು ನಾನು ಹೆಚ್ಚು ಕೆದಕುವುದಿಲ್ಲ. ಹಾಗೆಯೇ 2005ರಲ್ಲಿ ಕ್ಯೂಬಾದಲ್ಲಿ 1,75,000 ಜನ ಸೇರಿದ್ದರು ಎಂಬ ಲೆಕ್ಕವನ್ನು ಎಲ್ಲರೂ ಒಪ್ಪಿಸುತ್ತಾರೆ, ಅಲ್ಲಿದ್ದವರು ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ.

ಬೆಲೆಯುಳ್ಳ ನೆನಪು ಇವರನ್ನು ಕೇಳಲೆಂದೇ ಹೋಗದವರದ್ದು. 1977ರಲ್ಲಿ ರಾಡ್ ಸ್ಟೀವರ್ಟ್‌ಗಾಗಿ ಹೋದ ಮೆಲ್ಬರ್ನಿನ ಒಬ್ಬರು, ಏರ್ ಸಪ್ಲೈ ಹಾಡುವಾಗ ತಾವು ಬಿಯರಿನ ಸಾಲಿನಲ್ಲಿ ನಿಂತಿದ್ದುದನ್ನು ಸಂಕೋಚವಿಲ್ಲದೆ ಹೇಳಿದರು. ಗೋಡೆಯಾಚೆಯಿಂದ ಎತ್ತರದ ದನಿಯೊಂದು ಬಂದಾಗ ಸಾಲಿನಲ್ಲಿದ್ದವರು ‘ಹೆಣ್ಣೋ ಗಂಡೋ’ ಎಂದು ಬಾಜಿ ಕಟ್ಟಿದರಂತೆ. ಆ ಒಂದು ಮಾತಿನಲ್ಲಿ ಹಿಚ್‌ಕಾಕ್ ಕಂಠದ ಬಗ್ಗೆ ಇರುವಷ್ಟು ಸಂಗತಿ ಹತ್ತು ಹೊಗಳಿಕೆಗಳಲ್ಲಿ ಇಲ್ಲ. ‘ಇವರು ದೊಡ್ಡವರಾಗುತ್ತಾರೆ ಎಂದು ಅಂದೇ ನನಗೆ ಗೊತ್ತಿತ್ತು’ ಎನ್ನುವವರ ಮಾತನ್ನು ನಾನು ಕೇಳುತ್ತೇನೆ, ಬರೆದುಕೊಳ್ಳುವುದಿಲ್ಲ.

ಈಗ ಹುಡುಕುತ್ತಿರುವುದು ಇನ್ನೂ ಹಿಂದಿನವರನ್ನು. ಗ್ರಹಾಂ ರಸೆಲ್ ಮತ್ತು ಹಿಚ್‌ಕಾಕ್ ಭೇಟಿಯಾದದ್ದು 1975ರ ಮೇ 12ರಂದು, ಸಿಡ್ನಿಯಲ್ಲಿ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ನಾಟಕದ ತಾಲೀಮಿನಲ್ಲಿ. ರಾತ್ರಿ ನಾಟಕ ಮುಗಿಸಿ, ಒಂದು ಗಿಟಾರು ಹಿಡಿದು ಕಾಫಿ ಅಂಗಡಿ, ಪಿಜ್ಜಾ ಅಂಗಡಿಗಳಲ್ಲಿ ಹಾಡುತ್ತಿದ್ದರು. ಆಗ ಇಪ್ಪತ್ತರ ಹರೆಯದಲ್ಲಿ ಆ ಮೇಜುಗಳಲ್ಲಿ ಕೂತಿದ್ದವರಿಗೆ ಈಗ ಎಪ್ಪತ್ತು ದಾಟಿರುತ್ತದೆ. ಒಬ್ಬರಾದರೂ ಸಿಕ್ಕರೆ ನಾನು ಸಿಡ್ನಿಯ ರೈಲು ಹತ್ತಲು ಸಿದ್ಧ. ಮೊದಲು ಕೇಳುವುದು ಅಂದು ಬಿಲ್ಲು ಕೊಟ್ಟವರು ಯಾರು ಎಂದು.