ಪ್ರೈಮರಿಯಲ್ಲಿ ಹಿಂದೆ ಬಿದ್ದವರು ಯಾವಾಗ ಕಣ ಬಿಡಬೇಕು: ಮಿಷಿಗನ್‌ನಲ್ಲಿ ನನ್ನ ಅನುಭವ

ಮತಪತ್ರ ಅಂಚೆಗೆ ಹೋಗುವ ಮೊದಲು. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಒಳಚುನಾವಣೆಯಲ್ಲಿ, ಹಿಂದೆ ಬಿದ್ದ ಅಭ್ಯರ್ಥಿ ಯಾವಾಗ ಬಿಡಬೇಕು ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ಆಮೇಲೆ ಬಿಟ್ಟರೆ ಅರ್ಧ ಪ್ರಯೋಜನ, ಇನ್ನೂ ತಡವಾದರೆ ಬಿಟ್ಟರೂ ಒಂದೇ ಬಿಡದಿದ್ದರೂ ಒಂದೇ. ಹಾಗಂತ ಹಿಂದೆ ಬಿದ್ದವರೆಲ್ಲ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಯಾರು ಬಿಡಬೇಕು, ಯಾರು ಕೊನೆಯವರೆಗೂ ಇರಬೇಕು ಅನ್ನುವುದನ್ನು ಹೇಗೆ ಲೆಕ್ಕ ಹಾಕಿದೆವು ಅಂತ ಬರೆಯುತ್ತೇನೆ.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಊರಲ್ಲಿ, ಕೆಲಸ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಪೌರತ್ವ ಸಿಕ್ಕ ಮೇಲೆ ಡೆಮಾಕ್ರಟಿಕ್ ಪಕ್ಷದ ಪ್ರಚಾರಕ್ಕೆ ಮನೆ ಮನೆ ತಿರುಗುವ ಸ್ವಯಂಸೇವಕನಾಗಿ ಸೇರಿಕೊಂಡೆ. ಕೆಲವು ವರ್ಷಗಳ ಹಿಂದೆ ಒಬ್ಬ ಗೆಳತಿ ರಾಜ್ಯದ ಕೆಳಮನೆಗೆ ನಿಂತರು. ಅವರು ಆಸ್ಪತ್ರೆಯಲ್ಲಿ ನರ್ಸ್. ಅವರ ಪ್ರಚಾರದ ಪೂರ್ತಿ ಉಸ್ತುವಾರಿ ನನ್ನ ಮೇಲೆ ಬಂತು.

ಊರಲ್ಲಿರುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಟಿಕೆಟ್ ಯಾರಿಗೆ ಅನ್ನುವುದು ಹೈಕಮಾಂಡ್ ಕೈಯಲ್ಲಿ, ಬಿ ಫಾರಂ ಸಿಕ್ಕರೆ ಮುಗಿಯಿತು, ಸಿಗದವರು ಬಂಡಾಯ ನಿಲ್ಲುತ್ತಾರೆ. ಇಲ್ಲಿ ಟಿಕೆಟ್ ಕೊಡುವವರು ಮತದಾರರೇ. ಮಿಷಿಗನ್‌ನಲ್ಲಿ ಆ ಪ್ರೈಮರಿ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ಕೆಳಮನೆಗೆ ನಿಲ್ಲಬೇಕಾದರೆ ಮತದಾರರ ಸಹಿ ಸಂಗ್ರಹಿಸಬೇಕು, ಅದರ ಬದಲು 100 ಡಾಲರ್ ಶುಲ್ಕ ಕಟ್ಟಿದರೂ ಆಯಿತು. ಅಷ್ಟು ಸುಲಭ ಆಗಿರುವುದರಿಂದ ಒಂದೇ ಪಕ್ಷದಿಂದ ಐದಾರು ಜನ ನಿಲ್ಲುವುದು ಮಾಮೂಲು. ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೂ ಗೆದ್ದ ಹಾಗೆ, ಅರ್ಧಕ್ಕಿಂತ ಹೆಚ್ಚು ಬರಬೇಕು ಅನ್ನುವ ನಿಯಮ ಇಲ್ಲ, ಎರಡನೇ ಸುತ್ತೂ ಇಲ್ಲ. ಒಂದು ಪಕ್ಷಕ್ಕೆ ಭದ್ರವಾಗಿರುವ ಕ್ಷೇತ್ರವಾದರೆ ನವೆಂಬರ್‌ನಲ್ಲಿ ನಡೆಯುವ ಮುಖ್ಯ ಚುನಾವಣೆ ಬರೀ ಶಾಸ್ತ್ರ. ಶಾಸಕ ಯಾರು ಅನ್ನುವುದು ಆಗಸ್ಟ್‌ನಲ್ಲೇ, ಅದೂ ಕಡಿಮೆ ಜನ ಮತ ಹಾಕುವ ದಿನ, ತೀರ್ಮಾನ ಆಗಿಬಿಡುತ್ತದೆ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಮನದಟ್ಟು ಮಾಡಿದ್ದು 2018ರ ಆಗಸ್ಟ್ 7. ಅಲ್ಲಿನ ಸಂಸದ ಜಾನ್ ಕಾನ್ಯರ್ಸ್ ರಾಜೀನಾಮೆ ಕೊಟ್ಟಿದ್ದರಿಂದ ಡೆಟ್ರಾಯಿಟ್‌ನ 13ನೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತಿನ) ಕ್ಷೇತ್ರದಲ್ಲಿ ಅವತ್ತು ಡೆಮಾಕ್ರಟಿಕ್ ಪಕ್ಷದ ಎರಡು ಪ್ರೈಮರಿ ಒಟ್ಟಿಗೇ ನಡೆದವು. ಒಂದು ಉಳಿದ ಕೆಲವೇ ವಾರಗಳ ಅವಧಿಗೆ, ಇನ್ನೊಂದು ಮುಂದಿನ ಪೂರ್ತಿ ಎರಡು ವರ್ಷಕ್ಕೆ. ಕ್ಷೇತ್ರ ಅದೇ, ದಿನ ಅದೇ, ಮತದಾರರು ಅವರೇ. ಸಣ್ಣ ಅವಧಿಯ ಪಟ್ಟಿಯಲ್ಲಿ ನಾಲ್ಕು ಹೆಸರು ಇದ್ದವು, ಬ್ರೆಂಡಾ ಜೋನ್ಸ್ ಗೆದ್ದರು. ಪೂರ್ಣ ಅವಧಿಯ ಪಟ್ಟಿಯಲ್ಲಿ ಆರು ಹೆಸರು, ಅಲ್ಲಿ ರಶೀದಾ ತ್ಲೈಬ್ ಅದೇ ಜೋನ್ಸ್ ಅವರನ್ನು ಸುಮಾರು 900 ಮತಗಳಿಂದ ಸೋಲಿಸಿ ಗೆದ್ದರು. ಹೆಚ್ಚಿಗೆ ಇದ್ದ ಹೆಸರುಗಳಲ್ಲಿ ಒಂದು ಕೋಲ್‌ಮನ್ ಯಂಗ್ ಅವರದು, ಡೆಟ್ರಾಯಿಟ್‌ನ ಮೊದಲ ಕಪ್ಪು ಮೇಯರ್ ಆಗಿದ್ದವರ ಮಗ. ಅವರಿಗೆ ಬಿದ್ದದ್ದು ಶೇಕಡ 12ರ ಆಸುಪಾಸು. ಗೆಲ್ಲುವ ದಾರಿ ಇಲ್ಲದ ಒಬ್ಬರು ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ಅಮೆರಿಕದ ಕಾಂಗ್ರೆಸ್‌ಗೆ ಯಾರು ಹೋಗುತ್ತಾರೆ ಅನ್ನುವುದು ಬದಲಾಗಬಹುದು ಅಂತ ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಾನು ಬೇರೆ ನೋಡಿಲ್ಲ.

ನಾಲ್ಕು ವರ್ಷ ಬಿಟ್ಟು ಮತ್ತೆ ಅಂಥದ್ದೇ. ಕ್ಷೇತ್ರದ ಗಡಿ ಬದಲಾಗಿತ್ತು. 2022ರ ಆಗಸ್ಟ್‌ನಲ್ಲಿ ಒಂಬತ್ತು ಜನರ ಪೈಪೋಟಿಯಲ್ಲಿ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಶೇಕಡ 28ರಷ್ಟು ಮತ ಪಡೆದು ಗೆದ್ದರು, ಆಡಂ ಹಾಲಿಯರ್ ಎರಡನೆಯವರು. ಡೆಟ್ರಾಯಿಟ್‌ನ ಕಪ್ಪು ಸಮುದಾಯದ ಮುಖಂಡರು ಒಬ್ಬರೇ ಅಭ್ಯರ್ಥಿಯ ಹಿಂದೆ ನಿಲ್ಲೋಣ ಅಂತ ಮೊದಲೇ ಪ್ರಯತ್ನ ಪಟ್ಟಿದ್ದರು. ಉಳಿದವರು ಕಣ ಬಿಡಲಿಲ್ಲ. 1950ರ ದಶಕದಿಂದ ಮೊದಲ ಸಲ ಆ ನಗರಕ್ಕೆ ಕಾಂಗ್ರೆಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದ ಹಾಗಾಯಿತು. ಥಾಣೇದಾರ್ ನಿಯಮದ ಪ್ರಕಾರ ನಿಂತರು, ಗೆದ್ದರು. ನಮ್ಮ ಕಡೆಯವರೊಬ್ಬರು ಅಲ್ಲಿ ಕೂತರು ಅಂತ ಇಲ್ಲಿನ ಕನ್ನಡಿಗರು ಎಷ್ಟೋ ಜನ ಖುಷಿ ಪಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಒಂದು ಊರಿನ ಇಷ್ಟು ದೊಡ್ಡ ಸಮುದಾಯ ತನ್ನ ಮತವನ್ನು ಹಂಚಿಕೊಂಡು ಕೈ ಖಾಲಿ ಮಾಡಿಕೊಂಡಾಗ ಅದರ ನೋವು ಏನು ಅಂತ ಡೆಟ್ರಾಯಿಟ್‌ನ ಹಳೆಯ ಕಾರ್ಯಕರ್ತರ ಜೊತೆ ಕೂತು ಮಾತಾಡಿದರೆ ಗೊತ್ತಾಗುತ್ತದೆ.

ಹಾಗಾಗಿ ನಮ್ಮ ಗೆಳತಿಯ ಪ್ರಚಾರ ಶುರುವಾಗುವ ಮೊದಲೇ ನಾನು ಒಂದು ಷರತ್ತು ಹಾಕಿದೆ. ಯಾವ ಪರಿಸ್ಥಿತಿ ಬಂದರೆ ಬಿಡುತ್ತೇವೆ ಅಂತ ಈಗಲೇ ಕಾಗದದ ಮೇಲೆ ಬರೆಯೋಣ ಅಂದೆ. ಜೂನ್ ಬಂದ ಮೇಲೆ ಯಾರೂ ತಣ್ಣಗೆ ಯೋಚನೆ ಮಾಡುವುದಿಲ್ಲ. ಸ್ವಯಂಸೇವಕರು ಬಿಸಿಲಲ್ಲಿ ತಿರುಗಿರುತ್ತಾರೆ, ಬಂಧುಗಳು ದುಡ್ಡು ಕೊಟ್ಟಿರುತ್ತಾರೆ, ಅಭ್ಯರ್ಥಿಗೆ ಪ್ರತಿ ಬಾಗಿಲಲ್ಲೂ ಒಳ್ಳೆಯ ಮಾತು ಕೇಳಿ ಕೇಳಿ ಗೆಲ್ಲುತ್ತೇನೆ ಅನ್ನಿಸಿರುತ್ತದೆ.

ಬರೆಯುವಾಗ ಕ್ಯಾಲೆಂಡರ್ ಮುಂದೆ ಇಟ್ಟುಕೊಂಡೆವು. ಮಿಷಿಗನ್‌ನಲ್ಲಿ ನಾಮಪತ್ರದ ಕೊನೆಯ ದಿನ ಏಪ್ರಿಲ್‌ನಲ್ಲಿ ಬರುತ್ತದೆ, ಅದಾದ ಮೂರು ದಿನದೊಳಗೆ ವಾಪಸ್ ತೆಗೆದುಕೊಂಡರೆ ಮಾತ್ರ ಹೆಸರು ಮತಪತ್ರದಿಂದ ಹೋಗುತ್ತದೆ. ಆಮೇಲೆ ನೀವು ಏನೇ ಘೋಷಣೆ ಮಾಡಿ, ಹೆಸರು ಅಚ್ಚಾಗಿಯೇ ಇರುತ್ತದೆ. ಮುಂದಿನ ಗಡಿ ಜೂನ್ ಕೊನೆ. ಚುನಾವಣೆಗೆ 40 ದಿನ ಇರುವಾಗಲೇ ಮನೆಯಿಂದ ಮತ ಹಾಕುವವರಿಗೆ ಮತಪತ್ರ ಸಿಗುತ್ತದೆ, ಹೊರದೇಶದಲ್ಲಿ ಇರುವವರಿಗೆ ಮತ್ತು ಸೈನಿಕರಿಗೆ 45 ದಿನ ಮೊದಲೇ ಕಳಿಸುತ್ತಾರೆ. ಪ್ರೈಮರಿಯಲ್ಲಿ ತಪ್ಪದೆ ಮತ ಹಾಕುವ ಹಿರಿಯರಲ್ಲಿ ಬಹಳ ಜನ ಮತಪತ್ರ ಬಂದ ವಾರವೇ ತುಂಬಿ ಕಳಿಸಿಬಿಡುತ್ತಾರೆ. ಏಪ್ರಿಲ್‌ನಲ್ಲಿ ಯಾರ ಬಲ ಎಷ್ಟು ಅಂತ ಗೊತ್ತಿರುವುದಿಲ್ಲ, ಜುಲೈನಲ್ಲಿ ತಡವಾಗಿರುತ್ತದೆ. ಹಾಗಾಗಿ ಜೂನ್ ಮಧ್ಯದ ಒಂದು ದಿನವನ್ನು ಗುರುತು ಹಾಕಿದೆವು.

ಆ ದಿನ ನೋಡಬೇಕಾದ ವಿಷಯ ಏನು? ಗೆಲ್ಲುವ ದಾರಿ ಇದೆಯಾ ಅನ್ನುವುದು ಮೊದಲನೆಯದು, ಅದು ಎಲ್ಲರಿಗೂ ಹೊಳೆಯುತ್ತದೆ. ನಾನು ಒತ್ತಾಯ ಮಾಡಿ ಸೇರಿಸಿದ್ದು ಬೇರೆ. ನಮ್ಮ ಹಾಗೇ ಯೋಚನೆ ಮಾಡುವ ಇನ್ನೊಬ್ಬರು ಕಣದಲ್ಲಿ ನಮಗಿಂತ ಮುಂದೆ ಇದ್ದಾರಾ, ಮತ್ತು ನಾವು ಬಿಟ್ಟರೆ ನಮ್ಮ ಮತ ನಿಜವಾಗಿಯೂ ಅವರಿಗೆ ಹೋಗುತ್ತದಾ. ಎರಡಕ್ಕೂ ಹೌದು ಅಂತ ಬಂದರೆ ಮಾತ್ರ ಬಿಡುವುದರಲ್ಲಿ ಅರ್ಥ ಇದೆ. ಒಂದಕ್ಕೆ ಇಲ್ಲ ಅಂದರೂ ಕೊನೆಯವರೆಗೂ ನಿಲ್ಲಬೇಕು, ಸೋತರೂ ಸರಿ.

ಕೆಳಮನೆಯ ಚುನಾವಣೆಗೆ ಸಮೀಕ್ಷೆ ಮಾಡಿಸುವಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲ. ನಮ್ಮ ಸಮೀಕ್ಷೆ ಅಂದರೆ ಬಾಗಿಲು ಬಡಿಯುವುದು. ಹಿಂದಿನ ಪ್ರೈಮರಿಗಳಲ್ಲಿ ಮತ ಹಾಕಿದವರ ಪಟ್ಟಿ ಪಕ್ಷದ ಮತದಾರರ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೆ ಎಲ್ಲರೂ ವ್ಯಾನ್ ಅನ್ನುತ್ತಾರೆ. ಮಾತಾಡಿಸಿದ ಮೇಲೆ ಪ್ರತಿ ಮತದಾರರಿಗೆ 1ರಿಂದ 5ರವರೆಗೆ ಅಂಕ ಹಾಕುತ್ತೇವೆ. 1 ಅಂದರೆ ಖಂಡಿತ ನಮ್ಮವರು, 5 ಅಂದರೆ ಖಂಡಿತ ಅಲ್ಲ. ನಾನು ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿದೆ. ನಮ್ಮ ಅಭ್ಯರ್ಥಿ ಇಲ್ಲದಿದ್ದರೆ ಯಾರಿಗೆ ಹಾಕುತ್ತೀರಿ? ಕೆಲವು ಸ್ವಯಂಸೇವಕರಿಗೆ ಇದು ಇಷ್ಟ ಆಗಲಿಲ್ಲ, ನಾವೇ ಸೋಲಿನ ಮಾತು ಎತ್ತಿದ ಹಾಗಲ್ವಾ ಅಂದರು. ಆದರೆ ಇಡೀ ಪ್ರಚಾರದಲ್ಲಿ ನಮ್ಮ ಕೈಗೆ ಸಿಕ್ಕ ಅತಿ ಉಪಯೋಗದ ಮಾಹಿತಿ ಇದೇ. ಬಾಗಿಲಲ್ಲಿ ಜನ ಸೌಜನ್ಯಕ್ಕೆ ಹೌದು ಹೌದು ಅನ್ನುತ್ತಾರೆ, 1 ಅಂಕ ಹಾಕಿದವರಲ್ಲೂ ಎಷ್ಟೋ ಜನ ಜಾರುತ್ತಾರೆ. ಎರಡನೇ ಆಯ್ಕೆ ಕೇಳಿದಾಗ ಮಾತ್ರ ಮನಸ್ಸಲ್ಲಿ ಇರುವುದನ್ನು ಹೇಳುತ್ತಾರೆ, ಯಾಕೆಂದರೆ ಅದನ್ನು ಹೇಳಿದರೆ ನಮಗೆ ಬೇಜಾರಾಗುತ್ತದೆ ಅಂತ ಅವರಿಗೆ ಅನ್ನಿಸುವುದಿಲ್ಲ.

ಜೂನ್ ಮಧ್ಯಕ್ಕೆ ಚಿತ್ರ ಸ್ಪಷ್ಟ ಆಗಿತ್ತು. ನಾವು ಮೂರನೇ ಜಾಗದಲ್ಲಿದ್ದೆವು. ಮುಂದೆ ಇದ್ದವರಲ್ಲಿ ಒಬ್ಬರು ಶಾಲೆಯ ಮೇಷ್ಟ್ರು, ಯೂನಿಯನ್ ಕಡೆಯವರು, ಹೆಚ್ಚುಕಮ್ಮಿ ನಮ್ಮದೇ ವಿಚಾರ. ಇನ್ನೊಬ್ಬರು ತಮ್ಮದೇ ದುಡ್ಡು ಸುರಿಯುತ್ತಿದ್ದ ವ್ಯಾಪಾರಿ. ನಮ್ಮ ಬೆಂಬಲಿಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎರಡನೇ ಹೆಸರಾಗಿ ಮೇಷ್ಟ್ರನ್ನೇ ಹೇಳಿದ್ದರು.

ನಮಗೆ ಸಲಹೆ ಕೊಡುತ್ತಿದ್ದ ಒಬ್ಬ ಕನ್ಸಲ್ಟೆಂಟ್ ಮಾತ್ರ ಬಿಡಬೇಡಿ, ಇನ್ನೂ ಎರಡು ಸುತ್ತು ಕರಪತ್ರ ಅಂಚೆಯಲ್ಲಿ ಕಳಿಸಿದರೆ ಎಲ್ಲ ಬದಲಾಗುತ್ತದೆ ಅಂದರು. ಅವರಿಗೆ ಕರಪತ್ರದ ಮೇಲೆ ಕಮಿಷನ್ ಇತ್ತು. ಇದನ್ನು ಹೊಸದಾಗಿ ನಿಲ್ಲುವವರಿಗೆ ನಾನು ಪ್ರತಿ ಸಲ ಹೇಳುತ್ತೇನೆ, ಬಿಡಬೇಕೋ ಬೇಡವೋ ಅನ್ನುವ ಮಾತುಕತೆಗೆ ನಿಮ್ಮ ಖರ್ಚಿನಿಂದ ಸಂಪಾದಿಸುವವರನ್ನು ಕೂರಿಸಬೇಡಿ. ದುಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಾಲ ಆಗುವ ಮೊದಲೇ ನಿಲ್ಲಿಸಬೇಕು. ವಿಸ್ಕಾನ್ಸಿನ್ ಗವರ್ನರ್ ಆಗಿದ್ದ ಸ್ಕಾಟ್ ವಾಕರ್ 2015ರಲ್ಲಿ ಅಧ್ಯಕ್ಷ ಪದವಿಯ ಪೈಪೋಟಿಗೆ ಜುಲೈನಲ್ಲಿ ಇಳಿದು ಸೆಪ್ಟೆಂಬರ್ 21ಕ್ಕೆ ಬಿಟ್ಟರು, ಅಷ್ಟರಲ್ಲೇ ದೊಡ್ಡ ಸಾಲ ತಲೆ ಮೇಲೆ ಬಂದಿತ್ತು. ಸಾಲ ಇರುವವರೆಗೆ ಪ್ರಚಾರ ಸಮಿತಿಯನ್ನು ಮುಚ್ಚುವುದಕ್ಕೂ ಆಗುವುದಿಲ್ಲ.

ಗೆಳತಿ ಒಂದು ರಾತ್ರಿ ಯೋಚನೆ ಮಾಡಿ ಮರುದಿನ ಒಪ್ಪಿದರು. ಘೋಷಣೆಗೆ ಮೊದಲು ಅವರೇ ಫೋನ್ ಮಾಡಿದ್ದು ಸ್ವಯಂಸೇವಕರಿಗೆ, ಆಮೇಲೆ ದುಡ್ಡು ಕೊಟ್ಟವರಿಗೆ. ಕನ್ನಡ ಕೂಟದ ಪರಿಚಯದ ಮೇಲೆ ಸಹಾಯ ಮಾಡಿದ ಕುಟುಂಬಗಳಿಗೆ ನಾನು ಮಾಡಿದೆ. ಬೇರೆಯವರಿಂದ ಸುದ್ದಿ ತಿಳಿದರೆ ಜನ ಮುಂದೆ ಯಾವತ್ತೂ ಬರುವುದಿಲ್ಲ. ಒಬ್ಬ ಹಿರಿಯರು, "ಅಲ್ಲಪ್ಪ, ನಿಂತ ಮೇಲೆ ಬಿಡೋದು ಸರಿಯಾ?" ಅಂದರು. ನಾನು ಅವರಿಗೆ 2018ರ ಆ ಎರಡು ಫಲಿತಾಂಶ ಹೇಳಿದೆ. ಅವರು ಮುಂದಿನ ವಾರ ಮೇಷ್ಟ್ರ ಪರವಾಗಿ ಫೋನ್ ಮಾಡಲು ಬಂದು ಕೂತರು.

ಮೇಷ್ಟ್ರ ಜೊತೆ ಮಾತಾಡುವಾಗ ಹುದ್ದೆ, ದುಡ್ಡು, ಸಾಲ ತೀರಿಸುವುದು, ಯಾವುದನ್ನೂ ಎತ್ತಲಿಲ್ಲ. ಅದು ಕಾನೂನಿನ ತೊಡಕಿಗೆ ದಾರಿ, ಮರ್ಯಾದೆಯೂ ಅಲ್ಲ. ಕೇಳಿದ್ದು ಒಂದೇ. ಒಬ್ಬ ನರ್ಸ್ ಕೈಯಲ್ಲಿ ಇಷ್ಟೇ ರೋಗಿಗಳು ಇರಬೇಕು ಅನ್ನುವ ಮಸೂದೆಗೆ ನೀವು ಬಹಿರಂಗವಾಗಿ ಬೆಂಬಲ ಕೊಡಬೇಕು. ನಮ್ಮ ಗೆಳತಿ ಕಣಕ್ಕೆ ಇಳಿದಿದ್ದೇ ಆ ವಿಷಯಕ್ಕೆ. ಮೇಷ್ಟ್ರು ಒಪ್ಪಿ, ತಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಿದರು. ಕಣ ಬಿಡುವುದು, ಬೆಂಬಲ ಘೋಷಿಸುವುದು ಎರಡನ್ನೂ ಒಂದೇ ದಿನ ಮಾಡಿದೆವು. ಇದನ್ನು ಬಿಡಿಬಿಡಿಯಾಗಿ ಮಾಡುವವರನ್ನು ನೋಡಿದ್ದೇನೆ, ನಡುವಿನ ದಿನಗಳಲ್ಲಿ ಮತದಾರರು ಚೆದುರಿ ಹೋಗುತ್ತಾರೆ.

ಹೆಸರು ಮತಪತ್ರದಲ್ಲಿ ಉಳಿದಿದ್ದರಿಂದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1 ಅಂಕದವರ ಮನೆಗೆಲ್ಲ ಮತ್ತೆ ಹೋದೆವು. ಕೆಲವರು ಆಗಲೇ ಮತ ಹಾಕಿ ಕಳಿಸಿದ್ದರು. ಮಿಷಿಗನ್‌ನಲ್ಲಿ ಕಳಿಸಿದ ಮತಪತ್ರವನ್ನು ರದ್ದು ಮಾಡಿ ಹೊಸದು ಕೊಡಿ ಅಂತ ಸಿಟಿ ಕ್ಲರ್ಕ್ ಕಚೇರಿಗೆ ಗಡುವಿನೊಳಗೆ ಬರೆದು ಕೇಳುವ ಅವಕಾಶ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಆಗಸ್ಟ್‌ನಲ್ಲಿ ಮೇಷ್ಟ್ರು ಸಣ್ಣ ಅಂತರದಲ್ಲಿ ಗೆದ್ದರು, ನಮ್ಮ ಗೆಳತಿಯ ಹೆಸರಿಗೂ ಒಂದಷ್ಟು ಮತ ಬಿದ್ದಿತ್ತು.

ಅಧ್ಯಕ್ಷರ ಪ್ರೈಮರಿಯಲ್ಲೂ ಲೆಕ್ಕ ಇದೇ, ಗಾತ್ರ ದೊಡ್ಡದು ಅಷ್ಟೆ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಸೌತ್ ಕೆರೊಲಿನಾ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಂದದ್ದು ಶೇಕಡ 32.5, ಸಿಕ್ಕಿದ್ದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅಲ್ಲಿನ 50ಕ್ಕೆ 50 ಪ್ರತಿನಿಧಿಗಳು. ಅವರನ್ನು ಬೇಡ ಅನ್ನುತ್ತಿದ್ದವರ ಮತ ಐದು ಜನರಲ್ಲಿ ಹಂಚಿ ಹೋಗಿತ್ತು. ಜೆಬ್ ಬುಷ್ ಅವತ್ತು ರಾತ್ರಿಯೇ ಬಿಟ್ಟರು, ಉಳಿದವರು ನಿಂತರು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಉಲ್ಟಾ ಆಯಿತು. ಫೆಬ್ರವರಿ 29ಕ್ಕೆ ಸೌತ್ ಕೆರೊಲಿನಾದಲ್ಲಿ ಬೈಡನ್ ಗೆದ್ದರು, ಮಾರ್ಚ್ 1ಕ್ಕೆ ಪೀಟ್ ಬುಟಜೆಜ್, 2ಕ್ಕೆ ಏಮಿ ಕ್ಲೋಬಶಾರ್ ಕಣ ಬಿಟ್ಟರು, 3ಕ್ಕೆ ಸೂಪರ್ ಟ್ಯೂಸ್‌ಡೇ, ಅಂದರೆ ಒಂದೇ ದಿನ ಬಹಳ ರಾಜ್ಯಗಳು ಮತ ಹಾಕುವ ಮಂಗಳವಾರ. ಕ್ಲೋಬಶಾರ್ ಅವರ ಸ್ವಂತ ರಾಜ್ಯ ಮಿನೆಸೋಟಾ ಬೈಡನ್ ಪಾಲಾಯಿತು. ಆದರೂ ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಕಣ ಬಿಟ್ಟಿದ್ದ ಬುಟಜೆಜ್‌ಗೆ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು, ಅಲ್ಲಿ ಅಂಚೆ ಮತದಾನ ವಾರಗಳ ಮೊದಲೇ ಶುರುವಾಗಿತ್ತು. ಆ ಪಕ್ಷದಲ್ಲಿ ಶೇಕಡ 15 ಮುಟ್ಟದವರಿಗೆ ಪ್ರತಿನಿಧಿಗಳೇ ಸಿಗುವುದಿಲ್ಲ, ಅಂಥವರಿಗೆ ಹಾಕಿದ ಮತ ಅಲ್ಲಿಗೇ ಮುಗಿಯಿತು. ಎಲಿಜಬೆತ್ ವಾರನ್ ಮಾರ್ಚ್ 5ರವರೆಗೆ ಇದ್ದದ್ದು ಬೈಡನ್‌ಗೆ ಎದುರಾಳಿಯಾಗಿದ್ದ ಬರ್ನಿ ಸ್ಯಾಂಡರ್ಸ್‌ಗೆ ಏಟಾಯಿತು ಅಂತ ಇಂದಿಗೂ ಬೈಯುವವರು ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವರ ಮತದಾರರ ಎರಡನೇ ಆಯ್ಕೆ ಸ್ಯಾಂಡರ್ಸ್ ಒಬ್ಬರೇ ಆಗಿರಲಿಲ್ಲ, ಬೈಡನ್ ಕಡೆಗೂ ಬಹಳ ಜನ ಇದ್ದರು. ಮತ ಎಲ್ಲಿಗೆ ಹೋಗುತ್ತದೆ ಅಂತ ನೋಡದೆ ಹಿಂದೆ ಬಿದ್ದವರನ್ನು ಬೈಯುವುದು ಅನ್ಯಾಯ.

ಕಣ ಬಿಡುವ ಅಗತ್ಯವೇ ಇಲ್ಲದ ಊರುಗಳೂ ಇವೆ. ಟೆಕ್ಸಸ್, ಜಾರ್ಜಿಯಾದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತದೆ. ನ್ಯೂಯಾರ್ಕ್ ನಗರದ ಮೇಯರ್ ಪ್ರೈಮರಿಯಲ್ಲಿ ಮತದಾರರು ಐದು ಹೆಸರುಗಳವರೆಗೆ ಕ್ರಮವಾಗಿ ಬರೆಯಬಹುದು, ಮೊದಲ ಹೆಸರಿನವರು ಹೊರಬಿದ್ದರೆ ಆ ಮತ ಮುಂದಿನ ಹೆಸರಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಇಬ್ಬರೂ ಕಣದಲ್ಲಿ ಇದ್ದುಕೊಂಡೇ ಒಬ್ಬರಿಗೊಬ್ಬರು ಬೆಂಬಲ ಕೊಟ್ಟರು, ಎರಡನೇ ಜಾಗದಲ್ಲಿ ಅವರ ಹೆಸರು ಬರೆಯಿರಿ ಅಂತ ತಮ್ಮ ಬೆಂಬಲಿಗರಿಗೆ ಹೇಳಿದರು. ನಾವು ಬಾಗಿಲಲ್ಲಿ ಕೇಳಿದ ಪ್ರಶ್ನೆ ಅಲ್ಲಿ ಮತಪತ್ರದ ಮೇಲೇ ಇರುತ್ತದೆ. ಮಿಷಿಗನ್‌ನ ಕೆಳಮನೆ ಪ್ರೈಮರಿಗೆ ಆ ವ್ಯವಸ್ಥೆ ಇಲ್ಲ. ಇಲ್ಲಿ ನಿಲ್ಲುವವರು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ಕೇಳುವುದು ಜೂನ್ ತಿಂಗಳ ಆ ತಾರೀಖು ಯಾವುದು ಅಂತ.