ಮೊದಲು ನೀರು ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ: ಫ್ಲೋರಿಡಾ ಕೀಸ್‌ನಲ್ಲಿ ಫ್ಲೈ ಮೀನುಗಾರಿಕೆ

ಕುಂದಾಪುರದಲ್ಲಿ ಪಂಚಗಂಗಾವಳಿಯ ದಡದ ಹತ್ತಿರ ನಮ್ಮ ಮನೆ. ಚಿಕ್ಕಂದಿನಲ್ಲಿ ಬೀಸುಬಲೆ ಹೊತ್ತ ಮಾವನ ಹಿಂದೆ ಹೋಗುತ್ತಿದ್ದೆ. ಮಾವ ಎಂದೂ ಹೋದ ಕೂಡಲೇ ನೀರಿಗೆ ಇಳಿದವರಲ್ಲ. ಮೊದಲು ಕಾಂಡ್ಲಾ ಗಿಡದ ಬೇರು ನೋಡುತ್ತಿದ್ದರು. ನೀರಿನ ಮಟ್ಟದಿಂದ ಮೇಲೆ ಬೇರು ಒದ್ದೆಯಾಗಿದ್ದರೆ ಇಳಿತ, ಒಣಬೇರಿಗೆ ನೀರು ಬಂದು ತಾಗುತ್ತಿದ್ದರೆ ಭರತ. "ನೀರ್ ಎತ್ಲಾಗ್ ಹೋತಿತ್ ಕಾಣ್ದೆ ಬಲಿ ಬೀಸುಕಾಗ" ಅನ್ನುತ್ತಿದ್ದರು.

ಇಷ್ಟು ಗೊತ್ತಿದ್ದೂ, ಫ್ಲೋರಿಡಾಕ್ಕೆ ಮೊದಲ ಸಲ ಮೀನು ಹಿಡಿಯಲು ಹೊರಟಾಗ ನಾನು ಮೊದಲು ನೋಡಿದ್ದು ಆಫೀಸಿನ ರಜೆ, ಆಮೇಲೆ ವಿಮಾನದ ದರ. ಜನವರಿಯ ಮೊದಲ ವಾರ ಅಗ್ಗದ ಟಿಕೆಟ್ ಸಿಕ್ಕಿತು, ತೆಗೆದುಬಿಟ್ಟೆ. ಅದಾದ ಮೇಲೆ ಗೈಡ್ ಹುಡುಕಿದೆ. ಮೀನು ಯಾವುದು ಅನ್ನುವ ಪ್ರಶ್ನೆ ಕೊನೆಗೆ ಬಂತು. ಈ ಕ್ರಮ ಪೂರ್ತಿ ತಲೆಕೆಳಗು ಎಂದು ಕಲಿಯಲು ಒಂದು ಪ್ರವಾಸದ ದುಡ್ಡೇ ಖರ್ಚಾಯಿತು. ಹೊಸದಾಗಿ ಹೋಗುವವರಿಗೆ ಆ ಖರ್ಚು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಫ್ಲೈ ಮೀನುಗಾರಿಕೆ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯ ಗಾಳದಲ್ಲಿ ತುದಿಯ ಗುಂಡಿನ ಭಾರವೇ ದಾರವನ್ನು ದೂರಕ್ಕೆ ಒಯ್ಯುತ್ತದೆ. ಇಲ್ಲಿ ಕೊಕ್ಕೆಗೆ ಪುಕ್ಕ, ರೋಮ, ದಾರ ಸುತ್ತಿ ಸಿಗಡಿಯ ಹಾಗೋ ಏಡಿಯ ಹಾಗೋ ಕಾಣುವಂತೆ ಕಟ್ಟಿರುತ್ತಾರೆ. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ತೂಕ ಇರುವುದು ದಪ್ಪನೆಯ ಲೈನಿಗೆ. ಅದನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆಯಬೇಕು. ನಾನು ಇದನ್ನು ಕಲಿತದ್ದು ಅಟ್ಲಾಂಟಾದ ಹತ್ತಿರ ಬ್ಯುಫರ್ಡ್ ಅಣೆಕಟ್ಟಿನ ಕೆಳಗೆ ಹರಿಯುವ ಚಾಟಹೂಚಿ ನದಿಯಲ್ಲಿ, ಟ್ರೌಟ್ ಮೀನಿಗೆ, ಸಣ್ಣ 5ನೇ ತೂಕದ (ಈ ಅಂಕಿ ಏರಿದಷ್ಟೂ ಲೈನ್ ಭಾರ, ರಾಡ್ ಗಟ್ಟಿ) ರಾಡ್‌ನಿಂದ.

ಕೀಸ್ ಅಂದರೆ ಫ್ಲೋರಿಡಾದ ದಕ್ಷಿಣದ ತುದಿಯಿಂದ ನೈಋತ್ಯಕ್ಕೆ ಬಾಗಿ ಹೋಗುವ ದ್ವೀಪಗಳ ಸಾಲು, ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಸ್ವಲ್ಪವೇ ಉತ್ತರಕ್ಕೆ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಫ್ಲೋರಿಡಾ ಕೊಲ್ಲಿ. 1912ರಲ್ಲಿ ಈ ದ್ವೀಪಗಳ ಮೇಲೆ ಕೀ ವೆಸ್ಟ್‌ವರೆಗೆ ರೈಲು ಬಂತು, 1935ರ ಚಂಡಮಾರುತ ಅದನ್ನು ಕಿತ್ತು ಹಾಕಿತು, ಅದೇ ಜಾಡಿನಲ್ಲಿ ಈಗಿನ ಹೆದ್ದಾರಿ ಎದ್ದಿದೆ. ವಿಳಾಸವೆಲ್ಲ ಮೈಲಿಗಲ್ಲಿನ ಲೆಕ್ಕ. ಕೀ ವೆಸ್ಟ್ ಸೊನ್ನೆ, ನಾನು ಹೋಗುವ ಐಲಮೊರಾಡ 80ರ ಆಸುಪಾಸು. ಗೈಡ್ ಭೇಟಿಯ ಜಾಗ ಹೇಳುವಾಗ ಮೈಲಿಯ ಜೊತೆಗೆ "ಸಾಗರದ ಬದಿ" ಅಥವಾ "ಕೊಲ್ಲಿಯ ಬದಿ" ಎಂದೂ ಹೇಳುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಇಲ್ಲವಾದರೆ ನಸುಕಿನಲ್ಲಿ ರಸ್ತೆಯ ತಪ್ಪು ಬದಿಯಲ್ಲಿ ಕಾಯಬೇಕಾದೀತು.

ಆ ಜನವರಿಯಲ್ಲಿ ನಾನು ತಲುಪುವ ಹಿಂದಿನ ರಾತ್ರಿ ಉತ್ತರದಿಂದ ಶೀತಗಾಳಿ ನುಗ್ಗಿತ್ತು. ಬೋನ್‌ಫಿಶ್ ಬೆಚ್ಚಗಿನ ನೀರಿನ ಮೀನು. ತೆಳುನೀರು ತಣ್ಣಗಾದರೆ ಆಳಕ್ಕೆ ಇಳಿದುಬಿಡುತ್ತದೆ. ದಿನವಿಡೀ ಬೂದು ಮೋಡ, ಕಲಕಿದ ನೀರು. ನನ್ನ ಗೈಡ್, ಅಂದರೆ ದೋಣಿಯ ಕ್ಯಾಪ್ಟನ್, ಎಂಟು ಗಂಟೆ ಕೋಲಿನಿಂದ ದೋಣಿ ತಳ್ಳಿದರೂ ಬೆನ್ನಟ್ಟಲು ಒಂದು ಮೀನೂ ಕಾಣಲಿಲ್ಲ. ಚಳಿಗಾಲದಲ್ಲಿ ಅಲ್ಲಿ ಒಳ್ಳೆಯ ದಿನಗಳೂ ಇವೆ. ಆದರೆ ದೂರದಿಂದ ಒಂದೇ ದಿನಕ್ಕೆಂದು ಬರುವವರು ಎರಡು ಶೀತಗಾಳಿಗಳ ನಡುವಿನ ಬಿಸಿಲನ್ನು ಮೊದಲೇ ಬುಕ್ ಮಾಡಲಾಗುವುದಿಲ್ಲ. ಸಂಜೆ ದಡಕ್ಕೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಮುಂದಿನ ಸಲ ದಿನಾಂಕ ಹೇಳಬೇಡ. ಯಾವ ಮೀನು ಬೇಕು ಅದನ್ನು ಹೇಳು."

ಮೀನು ಆರಿಸಿದರೆ ತಿಂಗಳು ತಾನಾಗಿ ಬರುತ್ತದೆ. ಟಾರ್ಪನ್ ಎಂಬ ದೈತ್ಯ, ನೂರು ಪೌಂಡು ದಾಟುವ ಬೆಳ್ಳಿಮೀನು, ಏಪ್ರಿಲ್‌ನಿಂದ ಜೂನ್‌ವರೆಗೆ ಸಾಗರದ ಬದಿಯಲ್ಲಿ ಸಾಲುಸಾಲಾಗಿ ವಲಸೆ ಹೋಗುತ್ತದೆ. ಅದಕ್ಕೆ 11 ಅಥವಾ 12ನೇ ತೂಕದ ರಾಡ್ ಬೇಕು. ಮೇ ತಿಂಗಳ ಒಳ್ಳೆಯ ದಿನಗಳನ್ನು ಹಳೆಯ ಗಿರಾಕಿಗಳು ವರ್ಷದ ಮೊದಲೇ ಹಿಡಿದಿಟ್ಟಿರುತ್ತಾರೆ. ಪರ್ಮಿಟ್ ಎಂಬ ಮೀನು ಏಡಿ ತಿನ್ನುತ್ತದೆ, ವಿಪರೀತ ಅನುಮಾನದ ಪ್ರಾಣಿ. ಹೊಸಬರು ಮೊದಲ ಪ್ರವಾಸಕ್ಕೆ ಅದನ್ನು ಗುರಿ ಇಟ್ಟುಕೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೋನ್‌ಫಿಶ್‌ಗೆ ವಸಂತ ಮತ್ತು ಶರತ್ಕಾಲ ಚೆನ್ನ, 8ನೇ ತೂಕದ ರಾಡ್ ಸಾಕು. ನಾನು ಬೋನ್‌ಫಿಶ್ ಆರಿಸಿದೆ, ಅಕ್ಟೋಬರ್ ಆರಿಸಿದೆ. ಚಂಡಮಾರುತದ ಋತು ನವೆಂಬರ್ 30ರವರೆಗೆ ಇರುವುದರಿಂದ ರದ್ದು ಮಾಡಿದರೆ ದುಡ್ಡು ವಾಪಸು ಬರುವ ಟಿಕೆಟ್ಟು, ಹೋಟೆಲನ್ನೇ ತೆಗೆದುಕೊಂಡೆ. ಒಂದಿಷ್ಟು ಹೆಚ್ಚು ಕೊಟ್ಟರೂ ಆ ನೆಮ್ಮದಿ ಬೇಕು.

ತಿಂಗಳಾದ ಮೇಲೆ ದಿನ. ಇಲ್ಲಿ ಮಾವನ ಮಾತು ಕೆಲಸಕ್ಕೆ ಬಂತು. ಬೋನ್‌ಫಿಶ್ ಆಳದಿಂದ ಹೊರಟು, ಏರುವ ನೀರಿನ ಜೊತೆಗೆ ತೆಳುನೀರಿನ ಬಯಲಿಗೆ ಮೇಯಲು ಬರುತ್ತದೆ, ಹುಲ್ಲಿನ ನಡುವೆ ಸಿಗಡಿ ಏಡಿ ಕೆದಕುತ್ತದೆ. ಆದರೆ ಭರತ ಒಂದೇ ಸಾಲದು, ಮೀನು ಕಣ್ಣಿಗೆ ಕಾಣಬೇಕು. ಕಂಡ ಮೀನಿಗೇ ಎಸೆಯುವ ಆಟ ಇದು. ಸೂರ್ಯ ಕೆಳಗಿದ್ದರೆ ನೀರು ಕನ್ನಡಿಯಾಗುತ್ತದೆ, ಒಳಗೆ ಏನೂ ಕಾಣುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತರ ನಂತರದ ಬಿಸಿಲು ಮತ್ತು ಏರುವ ನೀರು ಒಂದೇ ಹೊತ್ತಿಗೆ ಬೀಳುವ ದಿನ ಹುಡುಕಬೇಕು. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ (NOAA) ಭರತ-ಇಳಿತದ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ, ಪುಕ್ಕಟೆ. ಅದನ್ನು ಹಾಸಿಕೊಂಡು ಕೂತೆ. ನಾನು ಅಂದುಕೊಂಡಿದ್ದ ದಿನ ತಳಮಟ್ಟದ ಇಳಿತ ಬೆಳಿಗ್ಗೆ ಆರೂವರೆಗೆ ಇತ್ತು. ಸೂರ್ಯ ಮೇಲೆ ಬರುವ ಹೊತ್ತಿಗೆ ಭರತದ ಒಳ್ಳೆಯ ಪಾಲು ಮುಗಿದಿರುತ್ತಿತ್ತು. ಭರತ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಎರಡು ದಿನ ಮುಂದೆ ಹಾಕಿದರೆ ಇಳಿತ ಎಂಟು ದಾಟಿದ ಮೇಲೆ, ಒಂಬತ್ತರಿಂದ ಮಧ್ಯಾಹ್ನದವರೆಗೆ ಹೊಸ ನೀರು. ಆಫೀಸಿನಲ್ಲಿ ಶನಿವಾರದ ಬದಲು ಸೋಮವಾರ, ಮಂಗಳವಾರ ರಜೆ ಕೇಳಿದೆ. ವಾರದ ನಡುವೆ ದೋಣಿಗಳ ಗಡಿಬಿಡಿಯೂ ಕಡಿಮೆ.

ಈ ಪಟ್ಟಿ ಇಟ್ಟುಕೊಂಡು ಅದೇ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವ ಗೈಡ್‌ಗಳಿಗೆ ಕೋಸ್ಟ್ ಗಾರ್ಡ್‌ನ ಕ್ಯಾಪ್ಟನ್ ಪರವಾನಗಿ ಇರಲೇಬೇಕು, ಅದಕ್ಕೇ ಎಲ್ಲರೂ ಕ್ಯಾಪ್ಟನ್ ಅಂತಲೇ ಕರೆಯುವುದು. ಅವರ ಬಾಡಿಗೆ ಪರವಾನಗಿಯಲ್ಲೇ ನಮ್ಮ ಮೀನುಗಾರಿಕೆಯ ಲೈಸೆನ್ಸೂ ಸೇರಿರುತ್ತದೆ, ಬೇರೆ ಮಾಡಿಸಬೇಕಿಲ್ಲ. ಬಿರುಗಾಳಿ ಬಂದರೆ ರದ್ದು ಮಾಡುವ ತೀರ್ಮಾನ ಯಾರದು, ಮುಂಗಡ ವಾಪಸು ಬರುತ್ತದೋ ಇಲ್ಲವೋ, ರಾಡ್ ಮತ್ತು ಫ್ಲೈ ಅವರದೋ ನಮ್ಮದೋ, ಊಟ ಯಾರು ತರಬೇಕು, ಇದನ್ನೆಲ್ಲ ಆಗಲೇ ಕೇಳಿ ಮುಗಿಸಿದೆ. ದಿನಕ್ಕೆ ನಾನು ಕೊಟ್ಟದ್ದು 750 ಡಾಲರ್, ಮೇಲೆ ಟಿಪ್ಸ್ 150. ಸ್ನೇಹಿತನನ್ನು ಸೇರಿಸಿಕೊಂಡರೆ ಖರ್ಚು ಅರ್ಧವಾಗುತ್ತದೆ ನಿಜ. ಆದರೆ ದೋಣಿಯ ಮೂತಿಯಲ್ಲಿ ನಿಂತು ಎಸೆಯುವವರು ಒಂದು ಹೊತ್ತಿಗೆ ಒಬ್ಬರೇ. ಇನ್ನೊಬ್ಬರು ಕೂತು ನೋಡಬೇಕು. ಮೀನೂ ಅರ್ಧವಾದ ಹಾಗೆಯೇ.

ಆಮೇಲೆ ಕ್ಯಾಪ್ಟನ್ ಕೇಳಿದರು, "ಎಷ್ಟು ದೂರ ಎಸೆಯುತ್ತೀಯ?" ಜನವರಿಯಲ್ಲಿ ಇದೇ ಪ್ರಶ್ನೆಗೆ 70 ಅಡಿ ಎಂದಿದ್ದೆ. ಅದು ಗಾಳಿಯಿಲ್ಲದ ದಿನ, ಹುಲ್ಲಿನ ಮೇಲೆ, ಐದಾರು ಸಲ ಬೀಸಿ ಹಾಕಿದ ದೂರ. ಈ ಸಲ ನಿಜ ಹೇಳಿದೆ: "45 ಅಡಿ. ಎದುರುಗಾಳಿಗೆ 35." ಅವರು ಒಂದು ಕ್ಷಣ ಸುಮ್ಮನಿದ್ದು, "ಸರಿ, ಹಾಗಾದರೆ ಬೇರೆ ಜಾಗಕ್ಕೆ ಹೋಗೋಣ" ಅಂದರು. ಇಡೀ ತಯಾರಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ವಾಕ್ಯ. ನಮ್ಮ ಕೈ ಎಷ್ಟು ಅನ್ನುವುದು ಗೊತ್ತಿದ್ದರೆ ಗೈಡ್ ಗಾಳಿ ನಮ್ಮ ಬೆನ್ನಿಗೆ ಬರುವ ದಡ ಆರಿಸುತ್ತಾರೆ, ಮೀನು ಹತ್ತಿರ ಬರುವ ತನಕ ಕಾಯುತ್ತಾರೆ.

ಉಳಿದ ಎರಡು ತಿಂಗಳು ಮನೆ ಹತ್ತಿರದ ಶಾಲೆಯ ಮೈದಾನದಲ್ಲಿ ಅಭ್ಯಾಸ. 30, 40, 50 ಅಡಿಗೆ ಪೇಪರ್ ಪ್ಲೇಟ್ ಇಟ್ಟು, ಗಾಳಿ ಜೋರಾದ ದಿನವೇ ಹೋಗುತ್ತಿದ್ದೆ. ಎರಡೇ ಬೀಸಿಗೆ ಎಸೆತ ಮುಗಿಯಬೇಕು ಅನ್ನುವುದು ನಿಯಮ. ಮೀನು ಕಂಡ ಮೇಲೆ ಸಿಗುವ ಸಮಯ ಅಷ್ಟೇ. ಗೈಡ್ ಗಡಿಯಾರದ ಲೆಕ್ಕದಲ್ಲಿ ಕೂಗುತ್ತಾರೆ, ದೋಣಿಯ ಮೂತಿ ಹನ್ನೆರಡು ಗಂಟೆ. ಮಗಳನ್ನು ಹಿಂದೆ ನಿಲ್ಲಿಸಿ "ಹತ್ತು ಗಂಟೆ, ನಲವತ್ತಡಿ!" ಎಂದು ಕೂಗಿಸಿದೆ. ಹದಿನೈದು ದಿನಕ್ಕೆ ಕಿವಿಗೂ ಕೈಗೂ ಹೊಂದಿಕೆ ಬಂತು.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗೈಡ್ ಬಳಿ ಒಳ್ಳೆಯ ರಾಡ್ ಇರುತ್ತದೆ. ಒಂದನ್ನು ಮಾತ್ರ ಸಾಲ ಪಡೆಯಲಾಗದು, ಕನ್ನಡಕ. ನೀರಿನ ಮೇಲಿನ ಹೊಳಪು ಕಳೆಯುವ ಪೋಲರೈಸ್ಡ್ ಗಾಜು, ತಾಮ್ರದ ಬಣ್ಣದ್ದು. ನನಗೆ ದೂರದೃಷ್ಟಿಯ ಪವರ್ ಇರುವುದರಿಂದ ಪವರ್ ಹಾಕಿಸಿದ್ದನ್ನೇ ತಿಂಗಳ ಮೊದಲು ಆರ್ಡರ್ ಮಾಡಿದೆ. ಜನವರಿಯಲ್ಲಿ ಮಾಮೂಲಿ ಕನ್ನಡಕದ ಮೇಲೆ ಕಪ್ಪು ಗಾಜು ಸಿಕ್ಕಿಸಿಕೊಂಡು ಹೋಗಿದ್ದೆ. ಒಳಗಡೆ ಬೆವರು ಕಟ್ಟಿ ದಿನವಿಡೀ ಒರೆಸುವುದೇ ಆಗಿತ್ತು. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ತೊಳೆಯಿರಿ, ಅದು ಲೈನಿಗೂ ಫ್ಲೈಗೂ ಅಂಟುತ್ತದೆ. ದೋಣಿಯಲ್ಲಿ ಬರಿಗಾಲು ಅಥವಾ ಕಾಲುಚೀಲ ಮಾತ್ರ. ಕಾಲಡಿಯ ಲೈನ್ ಪಾದಕ್ಕೆ ಗೊತ್ತಾಗಬೇಕು.

ಅಕ್ಟೋಬರಿನ ಆ ಸೋಮವಾರ ಈಶಾನ್ಯದ ಗಾಳಿ ಹದವಾಗಿ ಬೀಸುತ್ತಿತ್ತು. ಕ್ಯಾಪ್ಟನ್ ಇಂಜಿನ್ ಆರಿಸಿ, ಹಿಂದಿನ ಎತ್ತರದ ಅಟ್ಟಣೆ ಹತ್ತಿ, ಇಪ್ಪತ್ತಡಿಯ ಕೋಲಿನಿಂದ ದೋಣಿ ತಳ್ಳತೊಡಗಿದರು. ಒಂದಡಿ ನೀರಿನಲ್ಲೂ ತೇಲುವ ದೋಣಿ, ಸದ್ದಿಲ್ಲ. ಅಂಚಿನಲ್ಲಿ ಕೆಂಪು ಕಾಂಡ್ಲಾದ ಬೇರುಗಳು. ನನ್ನ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಬೇರು ಒಣಗಿತ್ತು, ನೀರು ಬಂದು ತಾಗುತ್ತಿತ್ತು.

"ಹನ್ನೊಂದು ಗಂಟೆ, ಐವತ್ತಡಿ, ಬಲಕ್ಕೆ ಬರುತ್ತಿದೆ. ಕಂಡಿತಾ?"

ನನಗೆ ಹುಲ್ಲೇ ಕಾಣುತ್ತಿತ್ತು. "ಮೀನು ಹುಡುಕಬೇಡ, ನೆರಳು ಹುಡುಕು" ಅಂದರು. ಆಗ ಕಂಡಿತು. ಹುಲ್ಲಿನ ಮೇಲೆ ಜಾರುವ ಎರಡು ಬೂದು ನೆರಳು, ಅದರ ಮೇಲೆ ಇದೆಯೋ ಇಲ್ಲವೋ ಎಂಬಂತೆ ಮೀನು. ಬೆನ್ನು ನೆಲದ ಬಣ್ಣ, ಪಕ್ಕ ಕನ್ನಡಿ. ಎಸೆದೆ. ಫ್ಲೈ ಮೂರು ಅಡಿ ಮುಂದೆ ಬಿತ್ತು. ಎಡಗೈಯಿಂದ ಲೈನನ್ನು ಸಣ್ಣಗೆ ಎಳೆದೆ, ಒಂದು ನೆರಳು ತಿರುಗಿತು, ತಲೆ ತಗ್ಗಿಸಿತು, ಬಾಲದ ತುದಿ ನೀರಿನಿಂದ ಮೇಲೆದ್ದು ಬಿಸಿಲಿಗೆ ಮಿಂಚಿತು. ನಾನು ರಾಡ್ ಎತ್ತಿದೆ. ಫ್ಲೈ ಬಾಯಿಂದ ಹೊರಬಂತು, ಮೀನು ಹೋಯಿತು.

ಟ್ರೌಟ್ ಹಿಡಿಯುವವರ ಕೈಗೆ ಅಂಟಿದ ಚಾಳಿ ಇದು. ನದಿಯಲ್ಲಿ ಮೀನು ಕಚ್ಚಿದರೆ ರಾಡ್ ಎತ್ತಬೇಕು. ಇಲ್ಲಿ ರಾಡ್ ನೀರಿನ ಕಡೆಗೇ ಇರಬೇಕು, ಎಡಗೈಯಿಂದ ಲೈನ್ ಬಲವಾಗಿ ಎಳೆದು ಕೊಕ್ಕೆ ಕೂರಿಸಬೇಕು. ಮೈದಾನದಲ್ಲಿ ನಾನು ಅಭ್ಯಾಸ ಮಾಡದೆ ಬಿಟ್ಟದ್ದು ಇದೊಂದೇ. ನೀವು ಬಿಡಬೇಡಿ. ಲೈನಿನ ತುದಿಯನ್ನು ಯಾರಾದರೂ ಹಿಡಿದು ಜಗ್ಗಲಿ, ನೀವು ಎಡಗೈಯಿಂದ ಎಳೆಯಿರಿ, ನೂರು ಸಲ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇನ್ನೊಂದು ಬಂತು, ಒಂಟಿ. ಈ ಸಲ ಕೈ ಸರಿಯಾಗಿ ಎಳೆಯಿತು. ದೋಣಿಯ ಮೇಲೆ ಸುರುಳಿ ಬಿದ್ದಿದ್ದ ಲೈನ್ ಹಾವಿನ ಹಾಗೆ ಎದ್ದು ಹಾರಿತು. ಬೆರಳ ಸಂದಿಯಿಂದ ಅದನ್ನು ಬಿಡುತ್ತಾ, ಕಾಲು ಎತ್ತಿ ನಿಂತೆ. ಆಮೇಲೆ ರೀಲ್ ಕಿರುಚತೊಡಗಿತು. ನೂರು ಗಜ ಒಂದೇ ಓಟ, ನಿಲ್ಲಿಸುವ ಮಾತೇ ಇಲ್ಲ. ಎರಡು ಓಟ ಮುಗಿಸಿ ದೋಣಿಯ ಪಕ್ಕಕ್ಕೆ ಬಂದಾಗ ಐದು ಪೌಂಡಿನ ಮೀನು. ಮಾವ ತರುತ್ತಿದ್ದ ಹೂಮೀನಿನ ಬೆಳ್ಳಿಯೇ ಕಣ್ಣ ಮುಂದೆ ಬಂತು. "ಕೈ ಒದ್ದೆ ಮಾಡು, ನೀರಿನಿಂದ ಎತ್ತಬೇಡ" ಎಂದರು ಕ್ಯಾಪ್ಟನ್. ಒಣಗೈ ತಾಗಿದರೆ ಮೈಯ ಲೋಳೆ ಹೋಗುತ್ತದೆ, ಸುಸ್ತಾದ ಮೀನು ಶಾರ್ಕ್ ಬಾಯಿಗೆ ಬೀಳುತ್ತದೆ. ಫ್ಲೋರಿಡಾದಲ್ಲಿ 2013ರಿಂದ ಬೋನ್‌ಫಿಶ್ ಹಿಡಿದರೆ ಬಿಡಲೇಬೇಕು ಎಂಬ ಕಾನೂನಿದೆ. ಕಾನೂನಿಲ್ಲದಿದ್ದರೂ ಬಿಡುತ್ತಿದ್ದೆ. ಅಂಗೈಯೊಳಗೆ ಅದರ ಸ್ನಾಯು ಒಮ್ಮೆ ಬಿಗಿಯಾಯಿತು, ಕೈ ಖಾಲಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಹಿಡ್ದ್ ಮೀನ್ ಬಿಟ್ಯಾ? ಎಂತಕ್?" ಎಂದು ಕೇಳಿದರು. ಮುಂದಿನ ಸಲ ಹೋದಾಗ ಅದು ಅಲ್ಲೇ ಇರಬೇಕಲ್ಲ ಅಮ್ಮಾ, ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಭರತ ಇತ್ತಾ, ಇಳಿತವಾ?"

ಕ್ಯಾಪ್ಟನ್ ಬಳಿ ಬರುವ ಮೇ ತಿಂಗಳ ಕೊನೆಯಲ್ಲಿ ವಾರದ ನಡುವೆ ಎರಡು ದಿನ ಖಾಲಿ ಇದ್ದವು, ಟಾರ್ಪನ್‌ಗೆ. ಪಟ್ಟಿ ನೋಡಿ, ಮುಂಗಡ ಕಳಿಸಿದ್ದೇನೆ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ.