ಸ್ಕೌಟ್ ಮಕ್ಕಳಿಗೆ ಹಗ್ಗದ ಗಂಟು ಕಲಿಸುವ ಕ್ರಮ

ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರಿನ ಕಡೆ ಶಾಲೆಯ ಮೈದಾನ ತಿಂಗಳುಗಟ್ಟಲೆ ಸ್ಕೌಟ್ ತರಗತಿಗೆ ಒದಗುವುದಿಲ್ಲ. ಜಗಲಿಯಲ್ಲಿ ಕುಳಿತೇ ಕಲಿಸಬಹುದಾದ ವಿದ್ಯೆಗಳಲ್ಲಿ ಹಗ್ಗದ ಗಂಟು ಮುಖ್ಯವಾದದ್ದು. ಸ್ಕೌಟ್ ಮಾಸ್ಟರ್ ಆದ ಮೊದಲ ವರ್ಷ ನಾನು ಒಂದೇ ಮಧ್ಯಾಹ್ನದಲ್ಲಿ ಆರು ಗಂಟುಗಳನ್ನು ಕಲಿಸಿ ಮುಗಿಸಿದ್ದೆ. ಮುಂದಿನ ವಾರ ಒಂದನ್ನಾದರೂ ಸರಿಯಾಗಿ ಕಟ್ಟಿದ ಮಗು ಇರಲಿಲ್ಲ. ಅಂದಿನಿಂದ ಒಂದು ವಾರಕ್ಕೆ ಒಂದೇ ಗಂಟು, ಅದೂ ಅದರ ಉಪಯೋಗದ ಜೊತೆಗೇ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮೊದಲು ಪ್ರತಿ ಮಗುವಿಗೂ ಸುಮಾರು 3 ಮೀಟರ್ ಉದ್ದದ, ಕಿರುಬೆರಳಿನ ದಪ್ಪದ ಹತ್ತಿಯ ಹಗ್ಗವನ್ನು ಕೊಡಿ. ನುಣುಪಾದ ನೈಲಾನ್ ಹಗ್ಗದಲ್ಲಿ ಗಂಟು ಜಾರುವುದರಿಂದ ಕಲಿಯುವವರಿಗೆ ಅದು ಒಗ್ಗುವುದಿಲ್ಲ. ಹಗ್ಗವನ್ನು ಕೈಗೆ ಕೊಟ್ಟೊಡನೆ, ಆಟಕ್ಕೂ ಅದನ್ನು ಯಾರ ಕೊರಳಿಗೂ ಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಬೇಕು. ಆಮೇಲೆ, ಮನೆಯಲ್ಲಿ ಹಸುವನ್ನು ಹೇಗೆ ಕಟ್ಟುತ್ತಾರೆ, ಕಾಫಿ ಮೂಟೆಯ ಬಾಯಿಯನ್ನು ಹೇಗೆ ಬಿಗಿಯುತ್ತಾರೆ ಎಂದು ಕೇಳಿ, ಮಕ್ಕಳಿಂದಲೇ ಕಟ್ಟಿಸಿ ನೋಡಿ. ತೋಟದ ಮನೆಯ ಮಕ್ಕಳು ನಮಗಿಂತ ಹೆಚ್ಚು ಬಲ್ಲವರಾಗಿರುತ್ತಾರೆ.

ಮೊದಲ ವಾರಕ್ಕೆ ರೀಫ್ ನಾಟ್ ಸಾಕು. ಬಲದ ತುದಿಯನ್ನು ಎಡದ ಮೇಲೆ, ಅನಂತರ ಎಡದ ತುದಿಯನ್ನು ಬಲದ ಮೇಲೆ ಹಾಯಿಸಿ ಎಳೆದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ. ಗಾಯದ ಪಟ್ಟಿ ಕಟ್ಟಲು ಇದು ಒಳ್ಳೆಯದು. ಭಾರ ಎಳೆಯುವ ಎರಡು ಹಗ್ಗಗಳನ್ನು ಸೇರಿಸಲು ಮಾತ್ರ ಇದನ್ನು ನಂಬಬಾರದು. ಮುಂದಿನ ವಾರಗಳಲ್ಲಿ ದಪ್ಪ ಬೇರೆಬೇರೆಯಾದ ಹಗ್ಗಗಳನ್ನು ಜೋಡಿಸುವ ಶೀಟ್ ಬೆಂಡ್, ಕಂಬಕ್ಕೆ ಕಟ್ಟುವ ಕ್ಲೋವ್ ಹಿಚ್ ಬರಲಿ.

ಹೆಚ್ಚು ಸಮಯ ಬೇಡುವುದು ಬೋಲೈನ್. ಎಳೆದಷ್ಟೂ ಬಿಗಿಯುವ ಜೀರುಗುಣಿಕೆಯಂತಲ್ಲದೆ ಇದರ ಕುಣಿಕೆ ಒಂದೇ ಅಳತೆಯಲ್ಲಿ ನಿಲ್ಲುವುದರಿಂದ, ಹಳ್ಳಕ್ಕೆ ಬಿದ್ದವರ ಮೈಗೆ ಹಾಕಿ ಮೇಲೆತ್ತಲು ಇದನ್ನು ಕಲಿಸುತ್ತಾರೆ. ತುದಿಯಿಂದ ಎರಡು ಮೊಳ ಬಿಟ್ಟು, ತುದಿಯ ಭಾಗ ಉದ್ದ ಹಗ್ಗದ ಮೇಲೆ ಬರುವಂತೆ ಚಿಕ್ಕದೊಂದು ಬಳೆ ಮಾಡಿಸಿ. ಆ ಬಳೆ ಬಿಲ, ಉದ್ದ ಹಗ್ಗ ಮರ, ತುದಿ ಮುಂಗುಸಿ. ಮುಂಗುಸಿ ಬಿಲದ ಕೆಳಗಿನಿಂದ ಮೇಲೆ ಬಂದು, ಮರದ ಹಿಂದಿನಿಂದ ಸುತ್ತಿ, ಬಂದ ಬಿಲಕ್ಕೇ ಮರಳಿ ಇಳಿಯುತ್ತದೆ. ಇದನ್ನು ತೋರಿಸುವಾಗ ಮಗುವಿನ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರಿಗೆ ಕುಳಿತರೆ ನಿಮ್ಮ ಬಲ ಅದಕ್ಕೆ ಎಡವಾಗಿ ಕಾಣುತ್ತದೆ, ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲಿಯೇ. ಕೈ ಪಳಗಿದ ಮೇಲೆ ಕಣ್ಣು ಮುಚ್ಚಿಸಿ ಕಟ್ಟಿಸಿ, ಏಕೆಂದರೆ ಶಿಬಿರದಲ್ಲಿ ಈ ಕೆಲಸ ಕತ್ತಲೆಯಲ್ಲೇ ಬೀಳುವುದುಂಟು.

ಮೂವತ್ತು ಮಕ್ಕಳ ಪಕ್ಕದಲ್ಲಿ ಒಬ್ಬರೇ ಕೂರಲಾಗುವುದಿಲ್ಲ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಹುಡುಗರನ್ನು ಪೆಟ್ರೋಲ್ ಎಂಬ ನಾಲ್ಕು ಚಿಕ್ಕ ತಂಡಗಳಾಗಿ ವಿಂಗಡಿಸಿದ್ದರು. ಆ ಏರ್ಪಾಡು ಇಲ್ಲಿ ನೆರವಿಗೆ ಬರುತ್ತದೆ. ತರಗತಿಗೆ ಒಂದು ದಿನ ಮುಂಚೆ ಪೆಟ್ರೋಲ್ ಲೀಡರ್‌ಗಳಿಗಷ್ಟೇ ಗಂಟನ್ನು ಕಲಿಸಿ, ತರಗತಿಯಲ್ಲಿ ಅವರೇ ತಮ್ಮ ತಮ್ಮ ಆರೆಂಟು ಮಂದಿಗೆ ಕಲಿಸಲಿ, ನೀವು ಸುಮ್ಮನೆ ನೋಡುತ್ತಿರಿ. ಸುಮ್ಮನಿರುವುದೇ ಕಷ್ಟದ ಭಾಗ.

ನಾಲ್ಕು ಗಂಟು ಬಂದ ಮೇಲೆ ಜಗಲಿಯ ಕಂಬಗಳ ನಡುವೆ ಟಾರ್ಪಾಲಿನ ಸೂರು ಕಟ್ಟಿಸಿ ಒಂದು ರಾತ್ರಿ ಮಳೆಗೆ ಬಿಡಿ. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯುತ್ತದೆ. ಸಂಜೆಯೇ ಸ್ವಲ್ಪ ಸಡಿಲಿಸದೆ ಬಿಟ್ಟ ಗಂಟನ್ನು ಬೆಳಿಗ್ಗೆ ಬಿಚ್ಚಲು ಹೆಣಗಿದ ಮಗುವಿಗೆ ಅದನ್ನು ಮತ್ತೆ ಹೇಳಬೇಕಾಗಿಲ್ಲ. ಬಿಚ್ಚಿದ ಹಗ್ಗಗಳನ್ನು ಹಾಗೆಯೇ ಸುತ್ತಿ ಪೆಟ್ಟಿಗೆಗೆ ಹಾಕಬೇಡಿ, ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತವೆ. ಬಿಸಿಯೂಟದ ಅಡುಗೆಕೋಣೆಯಲ್ಲಿ, ಒಲೆಯಿಂದ ದೂರದ ಗೋಡೆಗೆ ಬಿಡಿಬಿಡಿಯಾಗಿ ನೇತುಹಾಕಿ ಒಣಗಿಸಿ.